ಮರುಭೂಮಿಗೆ ಗಾರ್ಬೇಜ್ ಕಲೆಕ್ಟರ್ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದು ಪ್ರವಾಸ ಕಥನ ಅಲ್ಲ. "ಸೂರ್ಯ ಮರಳಿಗೆ ಜಾರಿದ, ಕಡಲು ಬಂಗಾರವಾಯಿತು" ಅಂತೆಲ್ಲ ಬರೆಯೋದು ನನ್ನ ಕೈಲಾಗದ ಕೆಲಸ. ಅದನ್ನು ಚೆನ್ನಾಗಿ ಬರೆಯೋರು ನಿಮ್ಮಲ್ಲೇ ಬೇಕಾದಷ್ಟು ಜನ ಇದ್ದೀರಿ :-) ನಾನು ಹೇಳಹೊರಟಿರೋದು ಒಂದು ಕಿತ್ತಳೆ ಸಿಪ್ಪೆಯ ವಿಷಯ. ಅದರ ನೆಪದಲ್ಲಿ, ಊರು ಬಿಟ್ಟು ಬಂದ ನಾವು ಊರಿನ ಯಾವ ಅಭ್ಯಾಸವನ್ನು ಜೊತೆಗೆ ಹೊತ್ತು ತರಬೇಕು, ಯಾವುದನ್ನು ವಿಮಾನ ಹತ್ತುವ ಮೊದಲೇ ಇಳಿಸಿ ಬರಬೇಕು ಅನ್ನುವ ವಿಷಯ.

ನಾನಿರೋದು ಕತಾರ್‌ನ ದೋಹಾದಲ್ಲಿ. ಬೇಸಿಗೆಯಲ್ಲಿ ಇಲ್ಲಿ ಮನೆಯಿಂದ ಕಾರಿಗೆ, ಕಾರಿನಿಂದ ಆಫೀಸಿಗೆ ಓಡುವುದೇ ಒಂದು ಸಾಹಸ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ ಮೂರೂವರೆ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ 2021ರಲ್ಲಿ ಸರ್ಕಾರದ ಆದೇಶವೇ ಬಂದಿದೆ ಅಂದಮೇಲೆ ಸೆಕೆ ಹೇಗಿರಬಹುದು ಲೆಕ್ಕ ಹಾಕಿ. ಹಾಗಾಗಿ ನವೆಂಬರ್ ಬಂತೆಂದರೆ ಇಡೀ ದೇಶಕ್ಕೆ ಜೀವ ಬಂದ ಹಾಗೆ. ಎಲ್ಲರೂ ಟೆಂಟು ಹೊತ್ತು ಹೊರಗೆ ಬೀಳುತ್ತಾರೆ. ಇಲ್ಲಿಯ ಜನಕ್ಕೆ ಕ್ಯಾಂಪಿಂಗ್ ಅಂದರೆ ನಮಗೆ ಊರ ಜಾತ್ರೆ ಇದ್ದಂತೆ. ಅಜ್ಜಂದಿರ ಕಾಲದ ಬದುಕನ್ನು ನಾಲ್ಕು ದಿನ ನೆನೆಯುವ ರೀತಿ. ನಮ್ಮಂಥ ಹೊರಗಿನವರಿಗೆ ಅದು ವಾರದ ಸುಸ್ತು ಕಳೆದುಕೊಳ್ಳುವ ದಾರಿ.

ನಾವು ಹೋಗಿದ್ದು ಖೋರ್ ಅಲ್ ಅದೈದ್‌ಗೆ. ದೋಹಾದಿಂದ ದಕ್ಷಿಣಕ್ಕೆ ಮೆಸಾಯೀದ್ ದಾಟಿ ಸೀಲೈನ್ ತಲುಪಿದರೆ ಟಾರು ರಸ್ತೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಟೈರಿನ ಗಾಳಿಯನ್ನು 15 ಪಿ.ಎಸ್.ಐ. ಆಸುಪಾಸಿಗೆ ಇಳಿಸಿಕೊಂಡು, ಫೋರ್ ವೀಲ್ ಡ್ರೈವ್ ಹಾಕಿ, ದಿಬ್ಬದ ಮೇಲೆ ದಿಬ್ಬ ಹತ್ತಿ ಇಳಿಯಬೇಕು. ಗಾಳಿ ಇಳಿಸಿದರೆ ಟೈರು ಚಪ್ಪಟೆಯಾಗಿ, ಒಂಟೆಯ ಪಾದದ ಹಾಗೆ ಅಗಲವಾಗಿ ಮರಳಿನ ಮೇಲೆ ಕೂರುತ್ತದೆ. ಹೀಗೆ ಹೋಗುತ್ತಾ ಹೋಗುತ್ತಾ ಮರುಭೂಮಿಯ ನಡುವೆ ಇದ್ದಕ್ಕಿದ್ದಂತೆ ಸಮುದ್ರ ಸಿಗುತ್ತದೆ! ಕಡಲು ಮರಳುಗಾಡಿನ ಒಳಗೇ ನುಗ್ಗಿ ಬಂದು ಕೆರೆಯಂತೆ ಹರಡಿಕೊಂಡ ಜಾಗ ಅದು. ಆಚೆ ದಂಡೆಯಲ್ಲಿ ಕಾಣೋದು ಸೌದಿ ಅರೇಬಿಯಾ. ಇಂಥ ಜಾಗ ಜಗತ್ತಿನಲ್ಲೇ ಕೆಲವು ಮಾತ್ರ ಅಂತ 2008ರಲ್ಲಿ ಕತಾರ್ ಇದನ್ನು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು. ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ನಡುಗಡ್ಡೆಗಳಲ್ಲಿ ಮೀನು ಹಿಡಿಯುವ ಹದ್ದು ಗೂಡು ಕಟ್ಟುತ್ತದೆ.

ಜನವರಿಯ ಒಂದು ಶುಕ್ರವಾರ ಮಧ್ಯಾಹ್ನ ಎರಡು ಕಾರು, ಆರು ಜನ. ಪುತ್ತೂರಿನವನೊಬ್ಬ, ಧಾರವಾಡದವನೊಬ್ಬ, ಮಂಡ್ಯದ ದಂಪತಿ, ಕೋಯಿಕ್ಕೋಡಿನ ಸಹೋದ್ಯೋಗಿ, ಮತ್ತೆ ನಾನು. ರಾತ್ರಿ ಊಟಕ್ಕೆ ಮನೆಯಿಂದಲೇ ತಂದ ಪುಳಿಯೋಗರೆ, ಇದ್ದಿಲ ಮೇಲೆ ಸುಟ್ಟ ಮೀನು. ಆಮೇಲೆ ಚಾಪೆ ಹಾಸಿ, ಕಂಬಳಿ ಹೊದ್ದು ಕೂತು ಕಿತ್ತಳೆ ಸುಲಿಯುತ್ತಾ ಹರಟೆ. ಧಾರವಾಡದವನು ಸಿಪ್ಪೆಯನ್ನು ಕತ್ತಲೆಗೆ ಎಸೆದ. ನಾನು ಎದ್ದು ಹೋಗಿ ಟಾರ್ಚ್ ಹಾಕಿ ಹುಡುಕಿ ತಂದು ಚೀಲಕ್ಕೆ ಹಾಕಿದೆ.

"ಏ, ಒಂದ್ ಕಿತ್ತಳಿ ಸಿಪ್ಪಿಗೆ ಇಷ್ಟ್ಯಾಕೋ ಮಾರಾಯ? ಪ್ಲಾಸ್ಟಿಕ್ ಏನಲ್ಲಲ, ಕೊಳತು ಮಣ್ಣಾಗ್ತದ ಬಿಡು" ಅಂದ.

ಇಡೀ ರಾತ್ರಿಯ ವಾದಕ್ಕೆ ಇಷ್ಟು ಸಾಕಾಯಿತು ನೋಡಿ. ಅಲ್ಲಿ ನಾನು ಹೇಳಿದ್ದನ್ನು, ಹೇಳಲು ಹೋಗಿ ಎಲ್ಲರ ನಗುವಿನಲ್ಲಿ ಅರ್ಧಕ್ಕೇ ನಿಂತಿದ್ದನ್ನು, ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮ ಕೆಲಸದ ಭಾಷೆಯಲ್ಲೇ ಹೇಳುತ್ತೇನೆ. ಸಾಫ್ಟ್‌ವೇರ್‌ನವರಲ್ಲದವರು ಒಂದು ಪ್ಯಾರಾ ಸಹಿಸಿಕೊಳ್ಳಿ. ಇಂಜಿನಿಯರಿಂಗ್‌ನಲ್ಲಿ ನಮಗೆ ಮೊದಲು ಕಲಿಸಿದ್ದು ಸಿ ಭಾಷೆ. ಅದರಲ್ಲಿ ಪ್ರೋಗ್ರಾಂಗೆ ಮೆಮೊರಿ ಬೇಕೆಂದರೆ ನಾವೇ ಕೇಳಿ ಪಡೆಯಬೇಕು. ಕೆಲಸ ಮುಗಿದ ಮೇಲೆ ನಾವೇ ವಾಪಸು ಕೊಡಬೇಕು. ಮರೆತರೆ? ಅದು ಹಾಗೇ ಉಳಿಯುತ್ತದೆ. ಒಂದಲ್ಲ ಎರಡಲ್ಲ, ಸಾವಿರ ಸಲ ಹಾಗೆ ಉಳಿದು ಉಳಿದು ಕೊನೆಗೆ ಸರ್ವರ್ ಮಕಾಡೆ ಮಲಗುತ್ತದೆ. ಇದಕ್ಕೆ ಮೆಮೊರಿ ಲೀಕ್ ಅಂತ ಹೆಸರು. ಆಮೇಲೆ ಕಲಿತದ್ದು ಜಾವಾ. ಅದರಲ್ಲಿ ಗಾರ್ಬೇಜ್ ಕಲೆಕ್ಟರ್ ಅಂತ ಒಂದು ವ್ಯವಸ್ಥೆ ಇದೆ. ನಾವು ಬಳಸಿ ಬಿಟ್ಟದ್ದನ್ನು ಅದು ಹಿಂದಿನಿಂದ ಬಂದು ಗುಡಿಸಿಕೊಂಡು ಹೋಗುತ್ತದೆ. ನಾವು ನಿಶ್ಚಿಂತೆ.

ನಮ್ಮ ಊರು ಜಾವಾ. ಮರುಭೂಮಿ ಸಿ. ಇಷ್ಟೇ ನನ್ನ ವಾದ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಕತಾರ್‌ನಲ್ಲಿ ಇಡೀ ವರ್ಷಕ್ಕೆ 80 ಮಿಲಿಮೀಟರಿನ ಆಸುಪಾಸು. ಅಲ್ಲಿ ಒಂದು ದಿನ ಚೆನ್ನಾಗಿ ಹೊಡೆದ ಮಳೆ ಇಲ್ಲಿಯ ಇಡೀ ವರ್ಷದ ಲೆಕ್ಕ! ಒಂದು ಬಾಳೆ ಎಲೆ ಕೊಳೆಯಬೇಕಾದರೆ ಬ್ಯಾಕ್ಟೀರಿಯಾ ಬೇಕು, ಶಿಲೀಂಧ್ರ ಬೇಕು, ಎರೆಹುಳ ಗೆದ್ದಲು ಬೇಕು. ಅವಕ್ಕೆಲ್ಲ ಬೇಕಾದ್ದು ತೇವ. ಮಲೆನಾಡಿನಲ್ಲಿ ಹಿತ್ತಲಿಗೆ ಎಸೆದ ಎಲೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಣೆ. ಇಲ್ಲಿ ಎಸೆದ ಕಿತ್ತಳೆ ಸಿಪ್ಪೆ ಎರಡೇ ದಿನದಲ್ಲಿ ಒಣಗಿ ಚರ್ಮದ ಚಪ್ಪಲಿಯ ತುಂಡಿನಂತಾಗುತ್ತದೆ, ಆಮೇಲೆ ಹಾಗೇ ಉಳಿಯುತ್ತದೆ. ನಾವು ಸಂಡಿಗೆ ಹಪ್ಪಳ ಒಣಗಿಸಿ ಡಬ್ಬಿಗೆ ಹಾಕುವುದು ಯಾಕೆ? ಒಣಗಿದ್ದು ಕೆಡುವುದಿಲ್ಲ ಅಂತ ತಾನೆ? ಇಡೀ ಮರುಭೂಮಿ ಒಂದು ದೊಡ್ಡ ಹಪ್ಪಳದ ಡಬ್ಬಿ.

ಬೆಳಿಗ್ಗೆ ಎದ್ದಾಗ ಗೆಳೆಯನಿಗೆ ಒಂದು ಹೊಸ ಅಸ್ತ್ರ ಸಿಕ್ಕಿತು. ರಾತ್ರಿಯಿಡೀ ಇಬ್ಬನಿ ಸುರಿದು ಟೆಂಟು ಹಿಂಡಿದರೆ ನೀರು ಬರುವ ಹಾಗಾಗಿತ್ತು. "ಎಲ್ಲೈತೋ ನಿನ್ನ ಒಣ ಮರುಭೂಮಿ?" ಅಂದ. ಕಡಲ ಪಕ್ಕದ ಗಾಳಿಯಲ್ಲಿ ತೇವ ಜಾಸ್ತಿ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿದು ಇಬ್ಬನಿ ಕಟ್ಟುತ್ತದೆ, ನಿಜ. ಒಂಬತ್ತು ಗಂಟೆಗೆ ಟೆಂಟು ಗರಿಗರಿ ಒಣಗಿತ್ತು. ನಾಲ್ಕು ತಾಸಿನ ತೇವದಲ್ಲಿ ಯಾವ ಎರೆಹುಳ ಬದುಕೀತು?

ಈ ನೆಲದ ನೆನಪಿನ ಶಕ್ತಿ ಎಂಥದ್ದು ಅನ್ನೋದಕ್ಕೆ ಇಲ್ಲೇ ಒಂದು ಉದಾಹರಣೆ ಇದೆ. ಕತಾರ್‌ನ ಪೂರ್ವ ಕರಾವಳಿಯ ಅಲ್ ಖೋರ್ ಪಟ್ಟಣದ ಪಕ್ಕ ಒಂದು ಪುಟ್ಟ ದ್ವೀಪ. ಜನ ಅದನ್ನು ನೇರಳೆ ದ್ವೀಪ ಅನ್ನುತ್ತಾರೆ. ಅಲ್ಲಿ ಪುರಾತತ್ವದವರು ಅಗೆದಾಗ ಒಡೆದ ಕಡಲ ಚಿಪ್ಪುಗಳ ದೊಡ್ಡ ರಾಶಿಯೇ ಸಿಕ್ಕಿತು. ಬ್ಯಾಬಿಲೋನಿನಲ್ಲಿ ಕಸ್ಸೈಟರು ಆಳುತ್ತಿದ್ದ ಕಾಲದಲ್ಲಿ, ಅಂದರೆ 3,000 ವರ್ಷಗಳಿಗೂ ಹಿಂದೆ, ಯಾರೋ ಅಲ್ಲಿ ಕೂತು ಬಸವನಹುಳದಂಥ ಕಡಲ ಜೀವಿಯನ್ನು ಒಡೆದು ಬಟ್ಟೆಗೆ ಹಾಕುವ ನೇರಳೆ ಬಣ್ಣ ತೆಗೆಯುತ್ತಿದ್ದರಂತೆ. ಬಣ್ಣ ಹೋಯಿತು, ಬಟ್ಟೆ ಹೋಯಿತು, ಉಟ್ಟ ಜನ ಹೋದರು, ಕಸ್ಸೈಟರ ರಾಜ್ಯವೂ ಹೋಯಿತು. ಉಳಿದದ್ದು ಅವರ ಕಸ! ನಾವು ಇವತ್ತು ಅದಕ್ಕೆ ಪುರಾತತ್ವ ಅಂತ ಗೌರವ ಕೊಡುತ್ತೇವೆ. ನಮ್ಮ ಚಿಪ್ಸ್ ಪ್ಯಾಕೆಟ್ಟಿಗೆ ಯಾರೂ ಹಾಗೆ ಗೌರವ ಕೊಡಲಿಕ್ಕಿಲ್ಲ.

ಇದ್ದಿಲಿನದೂ ಇದೇ ಕತೆ. "ಬೂದಿ ತಾನೆ, ಮಣ್ಣಿಗೆ ಒಳ್ಳೇದು" ಅಂತ ಎಲ್ಲರೂ ಹೇಳುವ ಮಾತು. ಬೂದಿಯ ಮಾತು ಬೇರೆ. ಆದರೆ ಅರ್ಧ ಉರಿದ ಇದ್ದಿಲನ್ನು ತಿನ್ನುವ ಜೀವಿ ಬಹಳ ಕಡಿಮೆ. ಸಾವಿರಾರು ವರ್ಷ ಹಿಂದಿನ ಒಲೆಗಳ ವಯಸ್ಸನ್ನು ವಿಜ್ಞಾನಿಗಳು ಪತ್ತೆ ಹಚ್ಚುವುದೇ ಅವುಗಳಲ್ಲಿ ಉಳಿದ ಇದ್ದಿಲಿನಿಂದ. ಅದಕ್ಕಿಂತ ಹತ್ತಿರದ ಅಪಾಯ ಒಂದಿದೆ. ಬೆಂಕಿ ಆರಿಸುವ ಸುಲಭ ದಾರಿ ಅಂತ ಕೆಂಡದ ಮೇಲೆ ಮರಳು ಮುಚ್ಚಿ ಹೋಗುತ್ತಾರಲ್ಲ, ಅದು ಆರುವುದಿಲ್ಲ. ಮರಳು ಬಿಸಿಯನ್ನು ಹೊರಗೆ ಬಿಡದೆ ಕಂಬಳಿಯಂತೆ ಹಿಡಿದಿಡುತ್ತದೆ. ಗಂಟೆಗಟ್ಟಲೆ ಒಳಗೆ ಕೆಂಡ ನಿಗಿನಿಗಿ. ಮೇಲಿನಿಂದ ನೋಡಿದರೆ ಸುಮ್ಮನೆ ಮರಳು. ಮರುದಿನ ಬರಿಗಾಲಲ್ಲಿ ಓಡಿ ಬರುವ ಮಗುವಿಗೆ ಅದು ಗೊತ್ತಾಗುವುದಾದರೂ ಹೇಗೆ?

"ಹಾಗಾದರೆ ಆಳವಾಗಿ ಹೂತು ಹಾಕಿದರಾಯ್ತಲ್ಲ" ಅಂದಳು ಮಂಡ್ಯದ ಗೆಳತಿ. ಒಳ್ಳೆಯ ಪ್ರಶ್ನೆ. ಆದರೆ ಖೋರ್ ಅಲ್ ಅದೈದ್ ಸುತ್ತಲಿನ ಮರಳ ದಿಬ್ಬಗಳು ನಿಂತ ಗುಡ್ಡಗಳಲ್ಲ, ನಡೆಯುವ ಗುಡ್ಡಗಳು. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಮರಳನ್ನು ಬೆನ್ನಿನ ಕಡೆಯಿಂದ ಎತ್ತಿ ಮುಂದೆ ಸುರಿಯುತ್ತದೆ. ದಿಬ್ಬ ಹೀಗೇ ಇಂಚಿಂಚಾಗಿ ಆಗ್ನೇಯಕ್ಕೆ ಸರಿಯುತ್ತಾ ಕೊನೆಗೆ ಕಡಲಿಗೆ ಬೀಳುತ್ತದೆ. ಇದರ ಅರ್ಥ ಏನು? ಇವತ್ತು ದಿಬ್ಬದ ಮುಂದೆ ಹೂತದ್ದು, ದಿಬ್ಬ ದಾಟಿ ಹೋದ ಮೇಲೆ ಒಂದು ದಿನ ಅದರ ಬೆನ್ನ ಹಿಂದೆ ಹಾಗೇ ಎದ್ದು ಬರುತ್ತದೆ. ಮರಳಿನಲ್ಲಿ ಹೂಳುವುದೆಂದರೆ ಕಸವನ್ನು ಡಿಲೀಟ್ ಮಾಡಿದಂತಲ್ಲ, ಫೋಲ್ಡರ್ ಹೈಡ್ ಮಾಡಿದ ಹಾಗೆ :-)

ದಿಬ್ಬದ ಮೇಲೆ ಕಾರಿನ ಗುರುತು ಒಂದೇ ಗಾಳಿಗೆ ಅಳಿದುಹೋಗುತ್ತದೆ, ಅಷ್ಟರ ಮಟ್ಟಿಗೆ ಮರಳು ದೊಡ್ಡ ಮನಸ್ಸಿನದು. ಆದರೆ ಗಟ್ಟಿ ಕಲ್ಲು ನೆಲದ ಮರುಭೂಮಿ ಅದನ್ನೂ ಮರೆಯುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಿಂದ 1944ರವರೆಗೆ, ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ ಸೈನಿಕರಿಗೆ ತರಬೇತಿ ನಡೆಯಿತು. ಆಗ ಟ್ಯಾಂಕುಗಳು ಓಡಾಡಿದ ಗುರುತು ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಕತಾರ್‌ನಲ್ಲಿ ಮಳೆನೀರು ನಿಂತು ಹುಲ್ಲು ಚಿಗುರುವ ತಗ್ಗು ಜಾಗಗಳಿವೆ, ರೌದಾ ಅನ್ನುತ್ತಾರೆ. ಅಲ್ಲಿ ಕಾರು ಓಡಿಸಬಾರದು ಅಂತ ಕಾನೂನು ಇರುವುದು ಇದಕ್ಕೇ. ಒಂದು ಸಲ ಚಕ್ರದಡಿ ಸಿಕ್ಕ ಹುಲ್ಲು ಮತ್ತೆ ಚಿಗುರೋದು ಯಾವ ವರ್ಷದ ಮಳೆಗೋ.

ಇನ್ನು ಪ್ಲಾಸ್ಟಿಕ್. ಇದರ ಬಗ್ಗೆ ಎಲ್ಲರೂ ಬರೆದು ಬರೆದು ಸವೆದುಹೋಗಿದೆ, ಹಾಗಾಗಿ ಒಂದೇ ಒಂದು ವಿಷಯ. ದುಬೈನ ಪಶುವೈದ್ಯ ಪ್ರಯೋಗಾಲಯವೊಂದರ ತಜ್ಞರು 2008ರಿಂದ ಸುಮಾರು 30,000 ಒಂಟೆಗಳನ್ನು ಪರೀಕ್ಷಿಸಿದರು. ಸತ್ತ ಒಂಟೆಗಳಲ್ಲಿ 300 ಒಂಟೆಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕಿನ ಗಂಟು ಸಿಕ್ಕಿತು. ಚೀಲ, ಹಗ್ಗ, ಪ್ಯಾಕೆಟ್ಟು ಎಲ್ಲ ಸೇರಿ ಗಟ್ಟಿಯಾದ ಗಂಟು, ಕೆಲವು ಹತ್ತಾರು ಕಿಲೋ ತೂಕದವು. ಈ ಅಧ್ಯಯನ 2021ರಲ್ಲಿ ಒಣನಾಡುಗಳ ಬಗೆಗಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು. ಹೊಟ್ಟೆ ತುಂಬಿದೆ ಅನ್ನುವ ಭಾವನೆಯಲ್ಲೇ ಒಂಟೆ ಮೇವು ಬಿಟ್ಟು ಸೊರಗಿ ಸಾಯುತ್ತದೆ. ನಮ್ಮೂರ ಪೇಟೆಯ ಬೀದಿ ಹಸುಗಳ ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆದ ಸುದ್ದಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂಟೆ ಯಾಕೆ ಪ್ಲಾಸ್ಟಿಕ್ ತಿನ್ನುತ್ತದೆ ಅಂದರೆ, ಅದಕ್ಕೆ ಮರುಭೂಮಿಯಲ್ಲಿ ಪೊದೆಗೆ ಸಿಕ್ಕಿಕೊಂಡದ್ದೆಲ್ಲ ಮೇವು. ಅನ್ನದ ರುಚಿ, ಉಪ್ಪಿನ ವಾಸನೆ ಇದ್ದರಂತೂ ಕೇಳುವುದೇ ಬೇಡ. ಆ ರುಚಿ ಹಚ್ಚಿ ಎಸೆದವರು ನಾವು.

ಕಡಲಿಗೆ ಬಿದ್ದದ್ದು ಇನ್ನೂ ದೂರ ಹೋಗುತ್ತದೆ. ಕಡಲ ಹುಲ್ಲು ಮೇಯುವ ಡುಗಾಂಗ್, ಅಂದರೆ ಕಡಲ ಹಸು, ಆಸ್ಟ್ರೇಲಿಯಾ ಬಿಟ್ಟರೆ ಅತಿ ಹೆಚ್ಚು ಇರುವುದು ಇದೇ ಕೊಲ್ಲಿಯಲ್ಲಿ. ಕತಾರ್‌ನ ಉತ್ತರದ ಫುವೈರಿತ್ ಕಡಲ ತೀರಕ್ಕೆ ಗಿಳಿಮೂತಿಯ ಹಾಕ್ಸ್‌ಬಿಲ್ ಆಮೆ ಮೊಟ್ಟೆ ಇಡಲು ಬರುತ್ತದೆ. ಅದಕ್ಕಾಗಿ ಪ್ರತಿವರ್ಷ ಏಪ್ರಿಲ್‌ನಿಂದ ಕೆಲವು ತಿಂಗಳು ಆ ತೀರವನ್ನು ಜನರಿಗೆ ಮುಚ್ಚುತ್ತಾರೆ. ಮೊಟ್ಟೆ ಒಡೆದು ಬಂದ ಮರಿ ಬೆಳಕಿರುವ ಕಡೆ ಹೊರಡುತ್ತದೆ. ಕತ್ತಲ ರಾತ್ರಿಯಲ್ಲಿ ಕಡಲೇ ನೆಲಕ್ಕಿಂತ ಬೆಳ್ಳಗೆ ಕಾಣುವುದರಿಂದ ಅದರ ಲೆಕ್ಕ ಸರಿ ಇತ್ತು, ನಾವು ಎಲ್‌ಇಡಿ ದೀಪ ಹೊತ್ತು ಬರುವ ತನಕ.

ಈಗ ವಿರುದ್ಧದ ವಾದಗಳಿಗೆ ಬರೋಣ. ಗೆಳೆಯರು ಸುಮ್ಮನೆ ಸೋಲೊಪ್ಪುವ ಜನ ಅಲ್ಲ.

ಮೊದಲನೆಯದು, "ದಂಡೆಯ ಕಸ ಎಲ್ಲ ಕ್ಯಾಂಪಿನವರದ್ದೇ ಅಲ್ಲ." ಒಪ್ಪಿದೆ. ದಂಡೆಯಲ್ಲಿ ಬಿದ್ದ ಬಾಟಲಿಗಳ ಮೇಲೆ ಯಾವ್ಯಾವುದೋ ದೇಶದ ಲಿಪಿಗಳಿವೆ, ಮೀನು ಬಲೆಯ ತುಂಡುಗಳಿವೆ. ಕಡಲು ಎಲ್ಲಿಂದಲೋ ಹೊತ್ತು ತಂದದ್ದು. ಹಾಗಂತ ನಮ್ಮ ಪಾಲನ್ನೂ ಅದರ ಲೆಕ್ಕಕ್ಕೆ ಬರೆಸೋಣವೆ?

ಎರಡನೆಯದು, "ಇಲ್ಲಿಯವರೇ ಎಸೀತಾರೆ, ನಮ್ಮದೇನು?" ಎಸೆಯುವವರು ಎಲ್ಲ ದೇಶದವರೂ ಇದ್ದಾರೆ, ಎಸೆಯದವರೂ ಎಲ್ಲ ದೇಶದವರೂ ಇದ್ದಾರೆ. ಅದೇ ದಂಡೆಯಲ್ಲಿ ಒಬ್ಬ ಅರಬ್ ಹಿರಿಯರು ಮೊಮ್ಮಕ್ಕಳ ಕೈಗೆ ಒಂದೊಂದು ಚೀಲ ಕೊಟ್ಟು ಯಾರು ಹೆಚ್ಚು ಹೆಕ್ಕುತ್ತಾರೆ ಅಂತ ಪಂದ್ಯ ಕಟ್ಟಿದ್ದನ್ನು ನಾವೇ ನೋಡಿದೆವು. ಕಾನೂನಿನ ಕೊರತೆಯೂ ಇಲ್ಲ. ಸಾರ್ವಜನಿಕ ಸ್ವಚ್ಛತೆಗೆ 2017ರ ಕಾನೂನು ಇದೆ. 2022ರ ನವೆಂಬರ್ 15ರಿಂದ ಅಂಗಡಿಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕೂ ನಿಷೇಧ ಬಂತು. ಆದರೆ ಕತ್ತಲಲ್ಲಿ, ದಿಬ್ಬದ ಮರೆಯಲ್ಲಿ, ಆರು ಜನ ಕೂತಾಗ ಯಾವ ಇನ್ಸ್‌ಪೆಕ್ಟರ್ ಬರುತ್ತಾನೆ? ಅಲ್ಲಿ ಇರೋದು ನಾವು ಮಾತ್ರ.

ಮೂರನೆಯ ವಾದ ಪುತ್ತೂರಿನವನದ್ದು. "ಎಂತ ಮಾರಾಯ, ಕ್ಲೀನ್ ಮಾಡ್ಲಿಕ್ಕೆ ಜನ ಇದ್ದಾರಲ್ಲ. ಅವರಿಗೂ ಕೆಲಸ ಬೇಡ್ವಾ?"

ಇದಕ್ಕೆ ಆ ರಾತ್ರಿ ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ಸಿಕ್ಕಿತು.

ಶನಿವಾರ ಬೆಳಿಗ್ಗೆ ಮರಳು ದಾಟಿ ಸೀಲೈನ್‌ಗೆ ವಾಪಸು ಬಂದು ಟೈರಿಗೆ ಗಾಳಿ ತುಂಬಿಸುತ್ತಿದ್ದೆವು. ಪಕ್ಕದ ಕಡಲ ದಂಡೆಯಲ್ಲಿ ನಾಲ್ಕೈದು ಜನ, ಮೈಮೇಲೆ ಹೊಳೆಯುವ ಜಾಕೆಟ್, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಇಕ್ಕಳದ ಕೋಲು ಹಿಡಿದು ಹಿಂದಿನ ರಾತ್ರಿಯ ಕಸ ಹೆಕ್ಕುತ್ತಿದ್ದರು. ಫ್ಲಾಸ್ಕಿನಲ್ಲಿ ಚಹಾ ಉಳಿದಿತ್ತು, ಮಂಡ್ಯದ ಗೆಳತಿ ಕರೆದು ಕೊಟ್ಟಳು. ಬಂದವರಲ್ಲಿ ಒಬ್ಬರು ತೆಲಂಗಾಣದವರು, ನಮ್ಮ ತಂದೆಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ನಾನು "ಅನ್ನಾ, ಕೂರಿ" ಅಂತ ಹರಕು ತೆಲುಗಿನಲ್ಲಿ ಅಂದಾಗ ನಕ್ಕರು. ನಾವು ರಾತ್ರಿ ಎಲ್ಲಿದ್ದೆವು ಅಂತ ಕೇಳಿದರು. ಖೋರ್ ಅಲ್ ಅದೈದ್ ಅಂದೆವು. ಹೇಗಿದೆ ಅಂತ ಕೇಳಿದರು! ಎಂಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ, ಅಲ್ಲಿಗೆ ಒಂದು ಸಲವೂ ಹೋಗಿಲ್ಲ. ಹೋಗಲು ಫೋರ್ ವೀಲ್ ಡ್ರೈವ್ ಬೇಕು, ಅವರಿಗಿರುವುದು ಶುಕ್ರವಾರದ ಒಂದೇ ರಜೆ, ಅದು ಬಟ್ಟೆ ಒಗೆಯಲು, ಊರಿಗೆ ಫೋನು ಮಾಡಲು ಹೋಗುತ್ತದೆ. ಪುತ್ತೂರಿನವನು ಮೊಬೈಲಿನಲ್ಲಿ ಫೋಟೋ ತೋರಿಸಿದ. ಅವರು ಒಂದೊಂದನ್ನೂ ನಿಧಾನವಾಗಿ ನೋಡಿದರು. ಲೋಟ ಎಲ್ಲಿಡಲಿ ಅಂತ ಕೇಳಿ, ನಾವು ಕೈಚಾಚಿದ ಮೇಲೆ ಕೊಟ್ಟು, ಮತ್ತೆ ಬಿಸಿಲಿಗೆ ಹೋದರು.

ಹಾಗಾಗಿ ಮರುಭೂಮಿಗೆ ಗಾರ್ಬೇಜ್ ಕಲೆಕ್ಟರ್ ಇಲ್ಲ ಅಂತ ತಲೆಬರಹದಲ್ಲಿ ಬರೆದದ್ದು ಪೂರ್ತಿ ನಿಜ ಅಲ್ಲ. ನಿಸರ್ಗದ್ದು ಇಲ್ಲ, ಮನುಷ್ಯರು ಇದ್ದಾರೆ. ಆ ಮನುಷ್ಯರು ಹೆಚ್ಚಿನ ಪಾಲು ನಮ್ಮ ಕಡೆಯವರೇ. ತೆಲಂಗಾಣದವರು, ಬಿಹಾರದವರು, ನೇಪಾಳದವರು, ಬಾಂಗ್ಲಾದವರು. ನಾವು ಬಂದ ಕೊಲ್ಲಿಗೇ ಬಂದವರು, ಬೇರೆ ವೀಸಾದ ಮೇಲೆ. "ಅವರಿಗೂ ಕೆಲಸ ಬೇಡವೇ" ಅನ್ನುವ ಮಾತಿಗೆ ನನ್ನ ಉತ್ತರ ಇಷ್ಟು: ಅವರಿಗೆ ಕೆಲಸ ಬೇಕು, ನಾವು ಹುಟ್ಟಿಸಿದ ಹೆಚ್ಚುವರಿ ಕೆಲಸ ಬೇಕಿಲ್ಲ. ನಾವು ಒಂದು ಚೀಲ ಕಸ ಕಡಿಮೆ ಬಿಟ್ಟರೆ ಯಾರ ನೌಕರಿಯೂ ಹೋಗುವುದಿಲ್ಲ. ಒಬ್ಬ ಮನುಷ್ಯ ಒಂದು ಚೀಲದಷ್ಟು ಕಡಿಮೆ ಬಾಗುತ್ತಾನೆ, ಅಷ್ಟೇ. ಇನ್ನು ಸೀಲೈನ್‌ನಿಂದ ಒಳಗಿನ ಮರಳುಗಾಡಿನಲ್ಲಿ ಪ್ರತಿ ದಿಬ್ಬದ ಹಿಂದೆ ಅವರು ತಲುಪುವುದೂ ಸಾಧ್ಯವಿಲ್ಲ. ತಲುಪದ ಕಡೆ ಬಿದ್ದದ್ದು ಒಂಟೆಗೆ, ಇಲ್ಲವೇ ಕಡಲಿಗೆ, ಇಲ್ಲವೇ ನೇರಳೆ ದ್ವೀಪದ ಹಾಗೆ ಇನ್ನೊಂದು 3,000 ವರ್ಷಕ್ಕೆ.

"ಬರೀ ಭಾಷಣ ಮಾಡ್ತೀಯಲ್ಲ, ಏನು ಮಾಡಬೇಕು ಹೇಳು" ಅನ್ನುವವರಿಗೆ, ನಾವು ಮಾಡುವುದನ್ನು ಹೇಳುತ್ತೇನೆ. ಇದರಲ್ಲಿ ಯಾವುದೂ ಕಷ್ಟದ್ದಲ್ಲ.

ನೀರಿಗೆ ಸಣ್ಣ ಬಾಟಲಿ ಬೇಡ, 20 ಲೀಟರಿನ ಎರಡು ಕ್ಯಾನು ಸಾಕು. ಕಾಗದದ ತಟ್ಟೆ, ಥರ್ಮಾಕೋಲ್ ಲೋಟ ಬೇಡ, ಮನೆಯ ಸ್ಟೀಲ್ ತಟ್ಟೆ ಲೋಟ ತನ್ನಿ. ತಿಂದ ತಟ್ಟೆಯನ್ನು ಮೊದಲು ಮರಳಲ್ಲಿ ತಿಕ್ಕಿ ಆಮೇಲೆ ಸ್ವಲ್ಪ ನೀರಲ್ಲಿ ತೊಳೆದರೆ ಪಳಪಳ ಅನ್ನುತ್ತದೆ, ಹುಣಸೆಹಣ್ಣೂ ಬೇಡ. ಬೇಳೆ, ಮಸಾಲೆ, ತಿಂಡಿಗಳ ಪ್ಯಾಕೆಟ್ಟನ್ನು ಮನೆಯಲ್ಲೇ ಬಿಚ್ಚಿ ಡಬ್ಬಿಗೆ ಹಾಕಿಕೊಂಡು ಬನ್ನಿ, ಅರ್ಧ ಕಸ ಹುಟ್ಟುವುದೇ ಇಲ್ಲ. ಬೆಂಕಿಯನ್ನು ನೆಲದ ಮೇಲೆ ಹಾಕದೆ ಕಾಲಿರುವ ಕಬ್ಬಿಣದ ಒಲೆಯಲ್ಲಿ ಹಾಕಿ. ಮಲಗುವ ಮುಂಚೆ ಕೆಂಡಕ್ಕೆ ನೀರು ಹೊಯ್ದು, ಬೆಳಿಗ್ಗೆ ತಣ್ಣಗಾದ ಇದ್ದಿಲನ್ನು ತಗಡಿನ ಡಬ್ಬಿಯಲ್ಲಿ ವಾಪಸು ತನ್ನಿ. ಶೌಚಕ್ಕೆ ನೀರಿನ ದಂಡೆಯಿಂದ, ಟೆಂಟುಗಳಿಂದ ದೂರ ಹೋಗಿ ಗುಂಡಿ ತೋಡಿ ಮುಚ್ಚಿ, ಬಳಸಿದ ಕಾಗದ ಮಾತ್ರ ಬೇರೆ ಚೀಲದಲ್ಲಿ ವಾಪಸು. ಇದನ್ನು ಹೇಳಲು ನಾಚಿಕೆ ಬೇಡ, ಮಾಡದಿರುವುದಕ್ಕೆ ನಾಚಬೇಕು. ದೀಪ ಬೇಕಾದಾಗ ಮಾತ್ರ ಹಚ್ಚಿ. ಎಲ್ಲ ದೀಪ ಆರಿಸಿದ ಮೇಲೆ ತಲೆಯ ಮೇಲೆ ಏನು ಕಾಣುತ್ತದೋ ಅದಕ್ಕಾಗಿಯೇ ಅಲ್ಲವೇ ಅಷ್ಟು ದೂರ ಬಂದದ್ದು?

ಕೊನೆಯದು ಒಂದು ಆಟ. ಹೊರಡುವಾಗ ತಂದ ವಸ್ತುಗಳ ಪಟ್ಟಿಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು, ವಾಪಸಾಗುವಾಗ ತಾಳೆ ನೋಡುತ್ತೇವೆ. ಎಷ್ಟು ತೆಗೆದುಕೊಂಡೆವೋ ಅಷ್ಟೂ ಹಿಂದಿರುಗಬೇಕು. ಸಿ ಭಾಷೆಯ ನಿಯಮ :-) ಅದರ ಮೇಲೆ ನಮ್ಮದಲ್ಲದ ಕಸ ಒಂದು ಚೀಲ ಹೆಕ್ಕಿ ತಂದವರಿಗೆ ವಾಪಸು ಬರುವಾಗ ಕಾರಿನ ಮುಂದಿನ ಸೀಟು. ಈ ಸಲ ಆ ಸೀಟು ಗೆದ್ದದ್ದು ಧಾರವಾಡದವನು! ವಾದದಲ್ಲಿ ಸೋತದ್ದಕ್ಕಲ್ಲ, ಸೀಟಿಗಾಗಿ ಅಂತ ಅವನೇ ನಾಲ್ಕು ಸಲ ಹೇಳಿದ. ಇರಲಿ ಬಿಡಿ, ಚೀಲವಂತೂ ತುಂಬಿತು.

ಊರಿನಲ್ಲಿರುವವರು "ಇದೆಲ್ಲ ನಿಮ್ಮ ಕೊಲ್ಲಿಯ ಕತೆ, ನಮಗೆ ಮಳೆ ಇದೆ" ಅಂದುಕೊಳ್ಳಬೇಡಿ. ನಮ್ಮೂರ ಗಾರ್ಬೇಜ್ ಕಲೆಕ್ಟರ್‌ಗೆ ಬಾಳೆ ಎಲೆ ಗೊತ್ತು, ಅಡಿಕೆ ಹಾಳೆ ಗೊತ್ತು, ಗುಟ್ಕಾ ಚೀಟಿ ಗೊತ್ತಿಲ್ಲ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂದದ್ದು 2016ರಲ್ಲಿ. ಆಮೇಲೂ ಗೋಕರ್ಣದ ದಂಡೆಗಳಲ್ಲಿ ನಡೆದು ನೋಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಚಾರಣವನ್ನೇ ಸ್ವಲ್ಪ ಕಾಲ ನಿಲ್ಲಿಸಿ, ಮುಂದೆ ಆನ್‌ಲೈನ್ ಬುಕಿಂಗ್ ತಂದು ಜನರಿಗೆ ಮಿತಿ ಹಾಕಬೇಕಾಯಿತು. ಮುಕ್ತವಾಗಿದ್ದ ಜಾಗಗಳು ಒಂದೊಂದಾಗಿ ಮುಚ್ಚುವುದು ಹೀಗೇ. ಬಂದವರು ಹೇಗೆ ನಡೆದುಕೊಂಡರು ಅನ್ನುವುದರ ಮೇಲೆ, ಮುಂದೆ ಬರುವವರಿಗೆ ಗೇಟು ತೆರೆದಿರುತ್ತದೋ ಇಲ್ಲವೋ ನಿರ್ಧಾರ ಆಗುತ್ತದೆ.

ಹಾಗಾದರೆ ಊರಿನಿಂದ ಏನು ತರಬೇಕು, ಏನು ಬಿಡಬೇಕು? ಬಿಡಬೇಕಾದ್ದು, ಎಸೆದದ್ದನ್ನು ಮಣ್ಣು ನೋಡಿಕೊಳ್ಳುತ್ತದೆ ಅನ್ನುವ ನಂಬಿಕೆ. ಅದು ಮಳೆ ಕೊಟ್ಟ ಸಾಲ, ಮಳೆ ಇಲ್ಲದ ಕಡೆ ನಡೆಯುವುದಿಲ್ಲ. ತರಬೇಕಾದ್ದು ನಮ್ಮ ಅಜ್ಜಿಯ ಅಡುಗೆಮನೆಯ ಲೆಕ್ಕ. ಮುಸುರೆ ನೀರು ದನಕ್ಕೆ, ಸಿಪ್ಪೆ ತಿಪ್ಪೆಗೆ, ಬೂದಿ ಪಾತ್ರೆ ತಿಕ್ಕಲು, ತೆಂಗಿನ ಸಿಪ್ಪೆ ಬಚ್ಚಲ ಒಲೆಗೆ, ಹಳೇ ಸೀರೆ ಕೌದಿಗೆ. ಆ ಮನೆಯಲ್ಲಿ ಯಾವುದನ್ನೂ "ಆಚೆ" ಎಸೆಯುತ್ತಿರಲಿಲ್ಲ. ಪ್ರತಿಯೊಂದಕ್ಕೂ ಒಂದು ವಿಳಾಸ ಇತ್ತು. ಆ ವಿಳಾಸ ಹುಡುಕುವ ಬುದ್ಧಿಗೆ ವೀಸಾ ಬೇಕಿಲ್ಲ, ಲಗೇಜಿನ ತೂಕವೂ ಇಲ್ಲ.

ಚಳಿಗಾಲ ಇನ್ನೂ ಬರುತ್ತದೆ, ಟೆಂಟುಗಳೂ ಏಳುತ್ತವೆ. ಮಸ್ಕತ್, ದುಬೈ, ಕುವೈತ್, ದಮ್ಮಾಮ್ ಕಡೆ ಇರುವ ಕನ್ನಡ ಗೆಳೆಯರು ನಿಮ್ಮ ಕಡೆಯ ದಂಡೆಗಳು ಹೇಗಿವೆ, ನಿಮ್ಮ ಗುಂಪಿನಲ್ಲಿ ಈ ವಾದ ಯಾರು ಗೆಲ್ಲುತ್ತಾರೆ ಅಂತ ಬರೆಯಿರಿ. ಒಪ್ಪದವರು ಇನ್ನೂ ಜೋರಾಗಿ ಬರೆಯಿರಿ. ಪುತ್ತೂರಿನವನು ಓದುತ್ತಿರುತ್ತಾನೆ, ಅವನಿಗೆ ಸ್ವಲ್ಪ ಬೆಂಬಲ ಬೇಕಾಗಿದೆ :-)